ದಮ್ಮು ನಿಲ್ಲುತ್ತೆ, ಕಾಯಿಲೆ ನಿಲ್ಲಲ್ಲ: ಕೋಲಾರ ಸೀಮೆಯ ಉಬ್ಬಸದ ಹಳೇ ಕಥೆ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮನೆಗಳಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಹಾಗಾಗಿ ನಮ್ಮಲ್ಲಿ ಈ ಒಂದು ಕಾಯಿಲೆಗೆ ಹೆಸರುಗಳು ಜಾಸ್ತಿ. ಉಬ್ಬಸ ಅಂತೀವಿ, ಗೂರಲು ಅಂತೀವಿ, ದಮ್ಮು ಅಂತೀವಿ, ಅಜ್ಜಿಯರು ಆಯಾಸಂ ಅಂತಾರೆ. ಆಸ್ಪತ್ರೆ ಚೀಟಿಯಲ್ಲಿ ಅಸ್ತಮಾ ಅಂತ ಬರೆದಿರುತ್ತೆ. ಅದು ಗ್ರೀಕ್ ಮಾತು, ಅದರ ಅರ್ಥವೂ ಏದುಸಿರು ಅಂತಲೇ.

ಈ ಹೆಸರುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಕಾಣುತ್ತೆ. ಎಲ್ಲವೂ ಉಸಿರು ಕಟ್ಟಿದ ಆ ರಾತ್ರಿಗೆ ಇಟ್ಟ ಹೆಸರುಗಳು. ಎದೆಯಲ್ಲಿ ಗೊರಗೊರ ಅನ್ನುವ ಸದ್ದು, ಕೂತು ಮುಂದಕ್ಕೆ ಬಾಗಿ ಉಸಿರೆಳೆಯುವುದು, ಮಾತು ಅರ್ಧಕ್ಕೆ ನಿಲ್ಲುವುದು. ಮಾರನೇ ದಿನ ಆರಾಮಾಗಿ ಹೊಲಕ್ಕೆ ಹೋದವರಿಗೆ ಏನು ಕಾಯಿಲೆ ಇದೆ ಅನ್ನುವುದಕ್ಕೆ ನಮ್ಮ ಎರಡೂ ಭಾಷೆಯಲ್ಲಿ ಬೇರೆ ಮಾತಿಲ್ಲ. ದಮ್ಮು ಬಂತು, ಹೋಯಿತು. ಹೋದ ಮೇಲೆ ಕಾಯಿಲೆಯೂ ಹೋಯಿತು ಅಂತಲೇ ಲೆಕ್ಕ.

ಈ ಲೆಕ್ಕ ತಪ್ಪು ಅಂತ ದೊಡ್ಡ ಡಾಕ್ಟರುಗಳಿಗೂ ಖಚಿತವಾಗಲು ಬಹಳ ಕಾಲ ಹಿಡಿಯಿತು. ಆ ಕಥೆಯಲ್ಲಿ ನಮ್ಮ ಬೇಲಿಯ ಗಿಡವೂ ಇದೆ, ನಮ್ಮ ರೇಷ್ಮೆ ಮನೆಯೂ ಇದೆ, ಕೆಜಿಎಫ್ ಗಣಿಯೂ ಇದೆ. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಎದೆಯೊಳಗೆ ಏನಾಗುತ್ತೆ ಅಂತ ನೋಡೋಣ. ನಮ್ಮ ಕಡೆ ಡ್ರಿಪ್ ಪೈಪು ನೋಡದವರು ಯಾರೂ ಇಲ್ಲ. ಬೋರ್‌ವೆಲ್ಲಿನ ಗಡಸು ನೀರು ಹರಿದೂ ಹರಿದೂ ಪೈಪಿನ ಒಳಗೆ ಬಿಳಿ ಉಪ್ಪು ಕಟ್ಟುತ್ತೆ. ಹೊರಗಿಂದ ನೋಡಿದರೆ ಪೈಪು ಚೆನ್ನಾಗೇ ಇರುತ್ತೆ, ನೀರೂ ಬರುತ್ತಿರುತ್ತೆ. ಆದರೆ ಒಳಗಿನ ದಾರಿ ಸಣ್ಣದಾಗಿರುತ್ತೆ. ಅಂಥ ಪೈಪನ್ನು ಯಾರಾದರೂ ತುಳಿದರೆ ನೀರು ಪೂರ್ತಿ ನಿಂತೇ ಹೋಗುತ್ತೆ. ಅಸ್ತಮಾ ಇರುವವರ ಶ್ವಾಸಕೋಶದ ಸಣ್ಣ ಕೊಳವೆಗಳೂ ಹೆಚ್ಚುಕಮ್ಮಿ ಹೀಗೇ. ಒಳಪದರ ಊದಿಕೊಂಡಿರುತ್ತೆ, ಅಂಟು ಕಫ ಕೂತಿರುತ್ತೆ. ಧೂಳೋ, ಹೊಗೆಯೋ, ಶೀತವೋ ತಗುಲಿದಾಗ ಕೊಳವೆಯ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತೆ. ಆ ಬಿಗಿತವೇ ದಮ್ಮು. ಬಿಗಿತ ಸಡಿಲವಾದರೂ ಒಳಗಿನ ಊತ ಅಲ್ಲೇ ಇರುತ್ತೆ. ಪೈಪಿನ ಉಪ್ಪಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಈ ಊತವನ್ನು ದಿನದಿನದ ಔಷಧಿಯಿಂದ ಇಳಿಸಬಹುದು. ಬಿಟ್ಟರೆ ಮತ್ತೆ ಬರುತ್ತೆ.

ಇದನ್ನು ಬಹಳ ಹಿಂದೆಯೇ ಅರ್ಧ ಕಂಡುಕೊಂಡವರು ನಮ್ಮ ಆಯುರ್ವೇದದವರು. ಚರಕ ಸಂಹಿತೆಯಲ್ಲಿ ಉಸಿರಿನ ತೊಂದರೆಗಳನ್ನು ಐದು ಬಗೆ ಮಾಡಿದ್ದಾರೆ. ಅದರಲ್ಲಿ ಒಂದು ತಮಕ ಶ್ವಾಸ. (ಕೋಲಾರದ ಪಕ್ಕದ ಟಮಕಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ 1986ರಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜು ಬಂದದ್ದು ಅದೇ ಟಮಕದಲ್ಲಿ. ಈಗ ನಮ್ಮ ಸೀಮೆಯ ದಮ್ಮಿನವರು ಟಮಕಕ್ಕೇ ಹೋಗಿ ತೋರಿಸುತ್ತಾರೆ.) ಮೋಡ ಕವಿದರೆ, ಮಳೆ ಬಂದರೆ, ಶೀತಗಾಳಿ ಬೀಸಿದರೆ ಇದು ಜಾಸ್ತಿ, ಮಲಗಿದರೆ ಕಷ್ಟ, ಕೂತರೆ ಸ್ವಲ್ಪ ಸುಖ, ಕಫ ಬಿಟ್ಟರೆ ಸಮಾಧಾನ ಅಂತ ಅಲ್ಲಿ ಬರೆದಿದೆ. ಇವತ್ತು ನಿಮ್ಮ ಮನೆಯ ಅಜ್ಜನನ್ನು ನೋಡಿ ಬರೆದ ಹಾಗೇ ಇದೆ.

ಲಕ್ಷಣಗಳಿಗಿಂತ ಮುಖ್ಯವಾದದ್ದು ಅವರು ಇದನ್ನು ಸೇರಿಸಿದ ಪಟ್ಟಿ. ಹೊಸದಾಗಿ ಬಂದಿದ್ದರೆ ವಾಸಿಯಾಗಬಹುದು, ಇಲ್ಲದಿದ್ದರೆ ತಮಕ ಶ್ವಾಸ ‘ಯಾಪ್ಯ’ ಅಂದರು. ಯಾಪ್ಯ ಅಂದರೆ ಪೂರ್ತಿ ವಾಸಿಯಾಗದ, ಆದರೆ ಚಿಕಿತ್ಸೆ ನಡೆಯುತ್ತಿರುವವರೆಗೆ ಹಿಡಿತದಲ್ಲಿರುವ ಕಾಯಿಲೆ. ಯಾಪ್ಯ ರೋಗಗಳಿಗೆ ಸುಶ್ರುತ ಕೊಟ್ಟ ಹೋಲಿಕೆ ನಮ್ಮ ಮಣ್ಣುಗೋಡೆ ಮನೆಯವರಿಗೆ ತಕ್ಷಣ ಹೊಳೆಯುತ್ತೆ: ಬೀಳುವ ಮನೆಗೆ ಕೊಟ್ಟ ಆಸರೆ ಕಂಬ. ಕಂಬ ಇರುವಷ್ಟು ದಿನ ಮನೆ ನಿಲ್ಲುತ್ತೆ. ಮನೆ ನಿಂತಿದೆಯಲ್ಲ, ಇನ್ನು ಕಂಬ ಯಾಕೆ ಅಂತ ಕಿತ್ತರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬೇಲಿಯ ಗಿಡಕ್ಕೆ ಬರೋಣ. ದತ್ತೂರಿ, ಉಮ್ಮತ್ತಿ, ತೆಲುಗಿನಲ್ಲಿ ಉಮ್ಮೆತ್ತ. ತಿಪ್ಪೆಯ ಪಕ್ಕ, ಹಾಳು ಜಾಗದಲ್ಲಿ ಬೆಳೆಯುವ ಮುಳ್ಳುಕಾಯಿ ಗಿಡ. ಇದರ ಹೊಗೆ ಎಳೆದರೆ ದಮ್ಮು ಸಡಿಲವಾಗುತ್ತೆ ಅಂತ ನಮ್ಮ ಕಡೆಯವರಿಗೆ ಹಿಂದಿನಿಂದ ಗೊತ್ತಿತ್ತು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಇದನ್ನು ಕಲಿತು ತನ್ನವರಿಗೆ ಹೇಳಿದ. ಅವನಿಂದ ತಿಳಿದುಕೊಂಡ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಮುಂದೆ ನೂರೈವತ್ತು ವರ್ಷಕ್ಕೂ ಮೇಲೆ ಯುರೋಪಿನ ಔಷಧಿ ಅಂಗಡಿಗಳಲ್ಲಿ ‘ಅಸ್ತಮಾ ಸಿಗರೇಟು’ ಮಾರಾಟವಾದವು. ದಮ್ಮಿಗೆ ಬೀಡಿ ಸೇದಿ ಅಂತ ಡಾಕ್ಟರೇ ಬರೆದುಕೊಡುತ್ತಿದ್ದ ಕಾಲ ಅದು.

ದತ್ತೂರಿ ವಿಷ. ಓದಿ ಯಾರೂ ಪರೀಕ್ಷೆ ಮಾಡಲು ಹೋಗಬೇಡಿ. ಅದರಲ್ಲಿರುವ ಅಟ್ರೊಪಿನ್ ಕೊಳವೆಯ ಬಿಗಿತವನ್ನು ಸಡಿಲಿಸುತ್ತೆ ನಿಜ, ಆದರೆ ಪ್ರಮಾಣ ತಪ್ಪಿದರೆ ತಲೆ ಕೆಡುತ್ತೆ, ಜೀವವೂ ಹೋಗುತ್ತೆ. ಈಗ ಆಸ್ಪತ್ರೆಯಲ್ಲಿ ನೆಬ್ಯುಲೈಸರ್‌ಗೆ ಹಾಕುವ ಐಪ್ರಟ್ರೋಪಿಯಂ ಅನ್ನುವ ಔಷಧಿ ಇದೇ ಅಟ್ರೊಪಿನ್ನಿನ ಸುಧಾರಿಸಿದ ಮೊಮ್ಮಗು.

ಆಂಡರ್ಸನ್ ವಿಷಯದಲ್ಲಿ ಇನ್ನೊಂದು ಕುತೂಹಲ ಇದೆ. ಮದರಾಸು ಸೀಮೆಯಲ್ಲಿ ಹಿಪ್ಪುನೇರಳೆ ನೆಡಿಸಿ ರೇಷ್ಮೆ ಹುಳು ಸಾಕಿಸಬೇಕು ಅಂತ ಓಡಾಡಿದವನೂ ಇದೇ ಮನುಷ್ಯ. ಅದೇ ಹೊತ್ತಿನಲ್ಲಿ ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನ್ ರೇಷ್ಮೆ ತರಿಸಿದ್ದ. ಆಂಡರ್ಸನ್ನನ ಪ್ರಯತ್ನ ಹೆಚ್ಚು ದಿನ ನಿಲ್ಲಲಿಲ್ಲ, ಟಿಪ್ಪುವಿನದು ನಿಂತಿತು. ಕೋಲಾರ ಸೀಮೆ ರೇಷ್ಮೆ ಸೀಮೆಯಾಯಿತು. ದಮ್ಮಿನ ಕಥೆಯಲ್ಲಿ ರೇಷ್ಮೆ ಮತ್ತೆ ಬರಬೇಕಾಗಿದೆ.

ರೇಷ್ಮೆ ಮನೆಯ ಗಾಳಿ ಹೇಗಿರುತ್ತೆ ಅಂತ ಹುಳು ಮೇಯಿಸಿದವರಿಗೆ ಗೊತ್ತು. ಹುಳು ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಎರಚಬೇಕು. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆದು ಮನೆ ತೊಳೆಯಬೇಕು. ಚಂದ್ರಿಕೆಯಿಂದ ಗೂಡು ಬಿಡಿಸುವಾಗ ನವಿರು ನೂಲು, ಒಣ ಹಿಕ್ಕೆ, ಎಲೆಯ ಧೂಳು ಎಲ್ಲವೂ ಮೂಗಿಗೆ. ಮೊಟ್ಟೆ ತಯಾರಿಸುವ ಗ್ರೈನೇಜಿನಲ್ಲಿ ಚಿಟ್ಟೆಯ ರೆಕ್ಕೆಯ ಪುಡಿ ಬೆಳಕಿನ ಕೋಲಿನಲ್ಲಿ ಹಾರಾಡುವುದು ಕಣ್ಣಿಗೇ ಕಾಣುತ್ತೆ. ನೂಲು ಬಿಚ್ಚುವ ಕಡೆ ಗೂಡು ಬೇಯಿಸುವ ಹಬೆ ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಅವರ ಜೊತೆಯವರು ಈ ಗಾಳಿಯನ್ನೇ ಅಧ್ಯಯನ ಮಾಡಿದರು. ರೇಷ್ಮೆ ಫಿಲೇಚರ್‌ಗಳಲ್ಲಿ ಕೆಲಸ ಮಾಡುವವರನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಸ್ತಮಾ ಕಂಡಿತ್ತು. ಅವರಲ್ಲಿ ಒಂದು ಪಾಲಿಗೆ ರೇಷ್ಮೆಯ ಅಂಶವೇ ಒಗ್ಗುತ್ತಿರಲಿಲ್ಲ. ಅಂದರೆ ಅನ್ನ ಕೊಡುವ ಕೆಲಸವೇ ಉಸಿರು ಹಿಡಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಶುರುವಾದ ದಮ್ಮು, ರಜೆಯಲ್ಲಿ ಊರಿಗೆ ಹೋದರೆ ಕಡಿಮೆ, ವಾಪಸು ಬಂದರೆ ಮತ್ತೆ ಜಾಸ್ತಿ: ಹೀಗಿದ್ದರೆ ಡಾಕ್ಟರಿಗೆ ಆ ಮಾತನ್ನು ಹೇಳಲೇಬೇಕು. ಅವರು ಕೇಳದಿದ್ದರೂ ಹೇಳಿ.

ಇಲ್ಲಿ ಕೆಜಿಎಫ್ ನೆನಪಾಗುತ್ತೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ಮೆಡಿಕಲ್ ಓದುವ ಮಕ್ಕಳು ಈಗಲೂ ಈ ಸಾಲನ್ನು ಬಾಯಿಪಾಠ ಮಾಡುತ್ತಾರೆ. 1940ರ ದಶಕದಲ್ಲಿ 7,000ಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕಿಂತ ಜಾಸ್ತಿ ಮಂದಿಯ ಎದೆಯಲ್ಲಿ ಕಲ್ಲಿನ ಧೂಳು ಮಾಡಿದ ಗಾಯ ಕಂಡಿತು. ಸಿಲಿಕೋಸಿಸ್ ಬಂದವರಿಗೂ ಏದುಸಿರು, ಅಸ್ತಮಾದವರಿಗೂ ಏದುಸಿರು, ಟಿಬಿಯವರಿಗೂ ಕೆಮ್ಮು. ಊರಲ್ಲಿ ಮೂವರಿಗೂ ‘ಎದೆ ಕಾಯಿಲೆ’ ಅಂತ ಒಂದೇ ಹೆಸರು. ಆದರೆ ಮೂರೂ ಬೇರೆ ಬೇರೆ. ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶ ಗಾಯವಾಗಿ ಗಟ್ಟಿಯಾಗುತ್ತೆ, ಅದು ಮತ್ತೆ ಮೆತ್ತಗಾಗಲ್ಲ. ಟಿಬಿ ರೋಗಾಣುವಿನಿಂದ ಬರುತ್ತೆ, ಹರಡುತ್ತೆ, ಪೂರ್ತಿ ಔಷಧಿ ತಗೊಂಡರೆ ವಾಸಿಯಾಗುತ್ತೆ. ಅಸ್ತಮಾ ಹರಡಲ್ಲ, ಮುಚ್ಚಿದ ಕೊಳವೆ ಔಷಧಿಗೆ ತೆರೆದುಕೊಳ್ಳುತ್ತೆ. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಔಷಧಿ ಎಳೆಯುವ ಮೊದಲು ಒಂದು ಸಲ, ಎಳೆದ ಮೇಲೆ ಒಂದು ಸಲ ಊದಿಸುವುದು ಇದನ್ನು ನೋಡಲಿಕ್ಕೇ. ಟೇಕಲ್ ಕಡೆ ಕಲ್ಲು ಕೆಲಸ, ಜಲ್ಲಿ ಕ್ರಷರ್ ಕೆಲಸ ಮಾಡುವವರಿಗೆ ದಮ್ಮು ಬಂದರೆ ಅದನ್ನು ಅಸ್ತಮಾ ಅಂತ ನಾವೇ ತೀರ್ಮಾನಿಸಿ ಸುಮ್ಮನಾಗಬಾರದು.

ನಮ್ಮ ಅನಿಸಿಕೆ ಒಂದು ಹೇಳುತ್ತೇವೆ. ಗಣಿಯ ಧೂಳು ಕಂಪನಿಯ ಧೂಳು. ಅಲ್ಲಿ ಹಾಜರಿ ಪುಸ್ತಕ ಇತ್ತು, ಆಸ್ಪತ್ರೆ ಇತ್ತು, ಯೂನಿಯನ್ ಇತ್ತು, ಹಾಗಾಗಿ ಎಣಿಕೆಯಾಯಿತು, ಪರಿಹಾರದ ಮಾತು ಬಂತು. ಕಾರ್ಮಿಕ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಕೆಲಸದಿಂದ ಬರುವ ಅಸ್ತಮಾ ಕೂಡ ಇದೆ. ಆದರೆ ಮನೆಯ ಒಂದು ಅಂಕಣದಲ್ಲಿ ಹುಳು ಮೇಯಿಸಿ ಅದೇ ಮನೆಯ ಇನ್ನೊಂದು ಅಂಕಣದಲ್ಲಿ ಮಲಗುವ ಹೆಂಗಸಿಗೆ ಮಾಲೀಕರು ಯಾರು? ಅವಳ ಧೂಳು ಅವಳದೇ. ಅದನ್ನು ಎಣಿಸಿದವರಿಲ್ಲ.

ಇತ್ತ ಪಶ್ಚಿಮದ ಡಾಕ್ಟರುಗಳು ಏನು ಮಾಡುತ್ತಿದ್ದರು? ವಿಲಿಯಂ ಓಸ್ಲರ್ 1892ರ ತನ್ನ ಪ್ರಸಿದ್ಧ ವೈದ್ಯ ಪುಸ್ತಕದಲ್ಲಿ ಕೊಳವೆಯ ಊತದ ಮಾತನ್ನೂ ಎತ್ತಿದ್ದ, ನರದ ದೌರ್ಬಲ್ಯದ ಮಾತನ್ನೂ ಎತ್ತಿದ್ದ. ಮುಂದಿನವರು ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡರು. 1950ರ ಹೊತ್ತಿಗೆ ಅಸ್ತಮಾವನ್ನು ಮನಸ್ಸಿನಿಂದ ಬರುವ ಏಳು ಕಾಯಿಲೆಗಳಲ್ಲಿ ಒಂದು ಅಂತ ಪಾಠ ಹೇಳುತ್ತಿದ್ದರು. ಮಗುವಿನ ಗೊರಗೊರ ಸದ್ದು ಅಂದರೆ ತಾಯಿಗಾಗಿ ಅದುಮಿಟ್ಟ ಅಳು ಅಂತಲೂ ಬರೆದರು. ‘ಯೋಚನೆ ಜಾಸ್ತಿ ಮಾಡ್ತಾಳೆ, ಅದಕ್ಕೇ ದಮ್ಮು’ ಅಂತ ನಮ್ಮ ಊರಲ್ಲಿ ಸೊಸೆಯಂದಿರನ್ನು ಬೈಯುವ ಮಾತಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಗಾಬರಿ, ದುಃಖ ದಮ್ಮನ್ನು ಕೆರಳಿಸುತ್ತವೆ ನಿಜ. ಕೆರಳಿಸುವುದು ಬೇರೆ, ಕಾಯಿಲೆ ತರುವುದು ಬೇರೆ.

ಔಷಧಿಗಳು ಮಾತ್ರ ಒಂದೊಂದೇ ಬಂದವು. 1903ರಲ್ಲಿ ಅಡ್ರಿನಲಿನ್ ಸೂಜಿ. ಆಮೇಲೆ ಎಫಿಡ್ರಿನ್ ಮಾತ್ರೆ. ಪಂಪು, ಅಂದರೆ ಇನ್‌ಹೇಲರ್, ಬಂದದ್ದು 1956ರಲ್ಲಿ ಅಮೆರಿಕದಲ್ಲಿ. ಅದರ ಹಿಂದೆ ಒಬ್ಬ ಹುಡುಗಿ ಇದ್ದಾಳೆ. ರೈಕರ್ ಎಂಬ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ನ ಮಗಳು ಸೂಸಿಗೆ 13 ವರ್ಷ, ಅಸ್ತಮಾ ಇತ್ತು. ಗಾಜಿನ ಬುಡ್ಡಿಯ ರಬ್ಬರ್ ಒತ್ತಿ ಒತ್ತಿ ಔಷಧಿ ಎಳೆದು ಬೇಸತ್ತಿದ್ದಳು. ಕೂದಲಿಗೆ ಹೊಡೆಯುವ ಸ್ಪ್ರೇ ಥರ ಇದನ್ನೂ ಡಬ್ಬಿಯಲ್ಲಿ ತುಂಬಬಾರದಾ ಅಂತ ಅಪ್ಪನನ್ನು ಕೇಳಿದಳು. ಅಪ್ಪ ಮಾಡಿಸಿದ.

ಪಂಪು ಬಂದದ್ದೇ ಒಂದು ಅನಾಹುತವೂ ಆಯಿತು. 1960ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಐಸೊಪ್ರಿನಲಿನ್ ಎಂಬ ಔಷಧಿಯ ಜಾಸ್ತಿ ಶಕ್ತಿಯ ಪಂಪು ಮಾರಾಟಕ್ಕೆ ಬಂತು. ಒತ್ತಿದ ಕೂಡಲೇ ಎದೆ ಬಿಡುತ್ತಿತ್ತು. ಜನ ದಿನಕ್ಕೆ ಹತ್ತಾರು ಸಲ ಒತ್ತಿಕೊಂಡರು. ಅಸ್ತಮಾದಿಂದ ಸಾಯುವವರ, ಅದರಲ್ಲೂ ಹುಡುಗರ ಸಂಖ್ಯೆ ಏರಿತು. ಎಚ್ಚರಿಕೆ ಕೊಟ್ಟು, ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿದ ಮೇಲೆ ಇಳಿಯಿತು. ಆ ಔಷಧಿಗೆ ಹೃದಯದ ಮೇಲೂ ಕೆಟ್ಟ ಪರಿಣಾಮ ಇತ್ತು. ಅದರ ಜೊತೆಗೆ ಇನ್ನೊಂದು ಸಂಗತಿ: ಬಿಗಿತ ಪ್ರತಿಸಲ ಸಡಿಲವಾಗುತ್ತಿದ್ದರಿಂದ, ಒಳಗಿನ ಊತ ಏರುತ್ತಿರುವುದು ಯಾರ ಗಮನಕ್ಕೂ ಬರಲಿಲ್ಲ. ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತಿತ್ತು.

1969ರಲ್ಲಿ ಹೃದಯಕ್ಕೆ ಅಷ್ಟು ತೊಂದರೆ ಕೊಡದ ಸಾಲ್ಬುಟಮಾಲ್ ಬಂತು. 1972ರಲ್ಲಿ ಊತ ಇಳಿಸುವ ಸ್ಟೀರಾಯ್ಡನ್ನು ಎದೆಗೆ ಮಾತ್ರ ಎಳೆದುಕೊಳ್ಳುವ ಪಂಪು ಬಂತು. ನಮ್ಮ ದೇಶದಲ್ಲಿ ಸಿಪ್ಲಾ ಕಂಪನಿ 1976ರಲ್ಲಿ ಪಂಪು ತಯಾರಿಸತೊಡಗಿತು. ಊತವೇ ಮೂಲ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1980ರ ದಶಕದಲ್ಲಿ. ಫಿನ್‌ಲೆಂಡಿನ ಡಾಕ್ಟರುಗಳು ಅಸ್ತಮಾ ಇದ್ದವರ ಶ್ವಾಸನಾಳಕ್ಕೆ ದುರ್ಬೀನು ಇಳಿಸಿ ಒಳಪದರದ ಚೂರು ತೆಗೆದು ನೋಡಿದರು. ಕಾಯಿಲೆ ಕಡಿಮೆ ಇದ್ದವರಲ್ಲೂ ಒಳಪದರ ಹಾಳಾಗಿತ್ತು. ಅದೇ ಫಿನ್‌ಲೆಂಡ್ 1994ರಿಂದ 2004ರವರೆಗೆ ದೇಶಪೂರ್ತಿ ಒಂದು ಕಾರ್ಯಕ್ರಮ ನಡೆಸಿ, ದಮ್ಮು ಇಲ್ಲದ ದಿನವೂ ಊತದ ಔಷಧಿ ಎಳೆಸಿತು. ಆಸ್ಪತ್ರೆ ಸೇರುವವರೂ ಸಾಯುವವರೂ ಕಡಿಮೆಯಾದರು. ಚರಕ ಹೇಳಿದ ಯಾಪ್ಯಕ್ಕೆ ಸರಿಯಾದ ಕಂಬ ಸಿಕ್ಕಿದ್ದು ಆಗ.

ನಮ್ಮಲ್ಲಿ ಏನಾಯಿತು? 2019ರ ಜಾಗತಿಕ ಅಂದಾಜಿನ ಪ್ರಕಾರ ಪ್ರಪಂಚದ ಅಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ. 13, ಅಸ್ತಮಾದಿಂದ ಸಾಯುವವರಲ್ಲಿ ಭಾರತದವರು ಶೇ. 40ಕ್ಕೂ ಮೇಲೆ. ನಮ್ಮ ಕಾಯಿಲೆ ಬೇರೆ ದೇಶದ ಕಾಯಿಲೆಗಿಂತ ಕೆಟ್ಟದ್ದಲ್ಲ. ಸೂಜಿ ಹಾಕಿಸಿಕೊಂಡು ಮನೆಗೆ ಬಂದರೆ ಮುಗಿಯಿತು ಅನ್ನುವ ಲೆಕ್ಕ ಕೆಟ್ಟದ್ದು.

ಕೆರಳಿಸುವ ವಸ್ತುಗಳೂ ಹೆಚ್ಚಿದವು. 1950ರ ದಶಕದಲ್ಲಿ ಪುಣೆಯ ಹತ್ತಿರ ಕಂಡ ಕಾಂಗ್ರೆಸ್ ಗಿಡ ಈಗ ನಮ್ಮ ಒಣಕೆರೆ ಅಂಗಳಗಳನ್ನೆಲ್ಲ ತುಂಬಿದೆ. ಅದನ್ನು ತಿನ್ನಲಿ ಅಂತ ಮೆಕ್ಸಿಕೋದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದು ತಿಂದಷ್ಟೂ ಗಿಡ ಬೆಳೆಯುತ್ತಲೇ ಇದೆ. ಮಾಲೂರಿನ ಇಟ್ಟಿಗೆ ಗೂಡಿನ ಹೊಗೆ, ಮಾವು ಹೂ ಬಿಡುವ ಕಾಲದಲ್ಲಿ ಶ್ರೀನಿವಾಸಪುರದ ತೋಟಗಳಲ್ಲಿ ಹೊಡೆಯುವ ಔಷಧಿಯ ವಾಸನೆ, ಸೌದೆ ಒಲೆ. ಒಲೆಯ ಹೊಗೆ ಕಡಿಮೆ ಮಾಡಲು ವಿಜ್ಞಾನ ಸಂಸ್ಥೆಯವರೇ 1980ರ ದಶಕದಲ್ಲಿ ಅಸ್ತ್ರ ಒಲೆ ಮಾಡಿಕೊಟ್ಟಿದ್ದರು. ಕೆಲವು ಹಳೇ ಮನೆಗಳ ಮೇಲೆ ಅದರ ಚಿಮಣಿ ಇನ್ನೂ ಇದೆ. ಬೆಂಗಳೂರಿನಲ್ಲಿ ಮಕ್ಕಳ ಡಾಕ್ಟರ್ ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು: 1979ರಲ್ಲಿ ಶೇ. 9 ಮಕ್ಕಳಿಗೆ ಅಸ್ತಮಾ, 1999ರಲ್ಲಿ ಶೇ. 29.5.

ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗುವವರ ಬಗ್ಗೆ ಹೇಳದೆ ನಮ್ಮ ಗಡಿ ತಾಲ್ಲೂಕುಗಳ ಉಬ್ಬಸದ ಕಥೆ ಮುಗಿಯಲ್ಲ. ಬತ್ತಿನಿ ಮನೆತನದವರು 1845ರಿಂದ ಕೊಡುತ್ತಿದ್ದೇವೆ ಅನ್ನುವ ಮೀನಿನ ಮದ್ದು. ಜೀವಂತ ಕೊರಮೀನಿನ ಮರಿಯ ಬಾಯಿಗೆ ಹಳದಿ ಮದ್ದು ಇಟ್ಟು ನುಂಗಿಸುತ್ತಾರೆ, ಮೀನು ತಿನ್ನದವರಿಗೆ ಬೆಲ್ಲದಲ್ಲಿ. ದುಡ್ಡು ತಗೊಳ್ಳಲ್ಲ. ಮೂರು ವರ್ಷ ಬಿಡದೆ ಹೋಗಬೇಕು, 45 ದಿನ ಪಥ್ಯ. ಅದರಿಂದ ಅಸ್ತಮಾ ವಾಸಿಯಾಗುತ್ತೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹೋಗಿಬಂದವರನ್ನು ನಾವು ಗೇಲಿ ಮಾಡಲ್ಲ. ಮೂರು ವರ್ಷ, 45 ದಿನ, ಬಿಡದೆ ಅನ್ನುವ ಶಿಸ್ತನ್ನು ಒಪ್ಪಿಕೊಳ್ಳುವ ಜನ, ಅದೇ ಶಿಸ್ತನ್ನು ಪಂಪಿಗೆ ಯಾಕೆ ಕೊಡಲ್ಲ ಅನ್ನುವುದು ಮಾತ್ರ ನಮ್ಮನ್ನು ಕಾಡುತ್ತೆ. ಮೀನು ನುಂಗಿದವರೂ ಡಾಕ್ಟರು ಕೊಟ್ಟ ಔಷಧಿಯನ್ನು ನಿಲ್ಲಿಸಬಾರದು, ಅಷ್ಟೆ.

ಪಂಪು ಅಭ್ಯಾಸವಾಗಿಬಿಡುತ್ತೆ ಅಂತ ಹೆದರುವವರು ಬಹಳ. ಲೆಕ್ಕ ನೋಡಿ. ಬುಡೆಸೊನೈಡ್ ಪಂಪಿನ ಒಂದು ಎಳೆತದಲ್ಲಿ ಸಾಮಾನ್ಯವಾಗಿ 200 ಮೈಕ್ರೋಗ್ರಾಂ ಸ್ಟೀರಾಯ್ಡ್ ಇರುತ್ತೆ. ಒಂದು ಸಣ್ಣ ಪ್ರೆಡ್ನಿಸೊಲೋನ್ ಮಾತ್ರೆಯಲ್ಲಿ 5 ಮಿಲಿಗ್ರಾಂ, ಅಂದರೆ ಅದರ 25 ಪಟ್ಟು, ಅದೂ ಇಡೀ ಮೈಗೆ ಹೋಗುತ್ತೆ. ಪಂಪಿಗೆ ಹೆದರಿ ಅಂಗಡಿಯಲ್ಲಿ ‘ದಮ್ಮಿನ ಮಾತ್ರೆ’ ಕೇಳಿ ವರ್ಷಗಟ್ಟಲೆ ನುಂಗಿ, ಮುಖ ಊದಿ, ಸಕ್ಕರೆ ಕಾಯಿಲೆ ತಂದುಕೊಂಡವರನ್ನು ನಾವು ನಾಲ್ಕೂ ತಾಲ್ಲೂಕಿನಲ್ಲಿ ಕಂಡಿದ್ದೇವೆ.

ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡನ್ನೂ ಹೆಸರು ಹಿಡಿದು ಕೇಳಿ. ಮೊದಲನೆಯದು ಬಿಗಿತ ಬಿಡಿಸುವುದು, ಎರಡನೆಯದು ಊತ ಇಳಿಸುವುದು. 2019ರಿಂದ ಜಾಗತಿಕ ಮಾರ್ಗಸೂಚಿಯಲ್ಲೇ ಬದಲಾವಣೆ ಬಂದಿದೆ: ದೊಡ್ಡವರಿಗೆ ಬಿಗಿತ ಬಿಡಿಸುವ ಪಂಪನ್ನು ಒಂದನ್ನೇ ಕೊಟ್ಟು ಕಳಿಸಬಾರದು, ಜೊತೆಗೆ ಊತದ ಔಷಧಿ ಇರಲೇಬೇಕು. ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡಲಾಗದಿದ್ದರೆ, ಪಂಪು ಒತ್ತಿದರೂ ಬಿಡದಿದ್ದರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ನೂಲು ಬಿಚ್ಚುವ ಕೆಲಸಕ್ಕೆ ಹೋಗುವ ಒಬ್ಬ ಹುಡುಗಿ ನಮ್ಮ ಜೊತೆ ಮಾತಾಡಿದಳು. ಹೆಣ್ಣು ನೋಡಲು ಬರುವ ದಿನ ಅವಳ ಅಮ್ಮ ಪಂಪನ್ನು ರಾಗಿ ಡಬ್ಬದೊಳಗೆ ಬಚ್ಚಿಡುತ್ತಾರಂತೆ. ಕಳೆದ ಸಲ ಬಂದವರು ಮೂರು ಗಂಟೆ ಕೂತರು, ಕಾಫಿ ಕುಡಿದರು, ಊದುಬತ್ತಿ ಹಚ್ಚಿಟ್ಟಿದ್ದ ಕೋಣೆಯಲ್ಲಿ ಅವಳು ಕೆಮ್ಮು ತಡೆದುಕೊಂಡು ನಿಂತಿದ್ದಳು. ಅವರು ಎದ್ದು ಹೋದ ಮೇಲೆ ಅಮ್ಮನೇ ಓಡಿಹೋಗಿ ಡಬ್ಬ ತೆಗೆದರಂತೆ.